ಐ.ಟಿ.ಐ. ಮುಗಿಸಿದ ಮಕ್ಕಳಿಗೆ ಅಪ್ರೆಂಟಿಸ್ ತರಬೇತಿ



ಸಂಘಗಳಿಗೆ ಭೇಟಿ ನೀಡಿದಾಗ ರಾಸುಗಳ ವಿಚಾರ ಮುಗಿದ ಮೇಲೆ ಅನೇಕ ಸದಸ್ಯರು, "ಡಾಕ್ಟ್ರೇ, ಹುಡುಗ ಐ.ಟಿ.ಐ. ಮುಗಿಸಿ ಮನೇಲೇ ಇದಾನೆ, ಮುಂದೇನು ಮಾಡಿಸೋಣ?" ಎಂದು ಕೇಳುವುದುಂಟು. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಟರ್ನರ್ ಮುಂತಾದ ವೃತ್ತಿ ಕಲಿತವರಿಗೆ ಮುಂದಿನ ಮೆಟ್ಟಿಲೆಂದರೆ ಅಪ್ರೆಂಟಿಸ್ ತರಬೇತಿ. ಸರಿಯಾದ ಮಾಹಿತಿ ಇಲ್ಲದೆ ಕೆಲವರು ಅವಕಾಶ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಹಾಲಿನ ಬಟವಾಡೆಯಲ್ಲಿ ಕೂಡಿಟ್ಟ ಹಣವನ್ನು ಮಧ್ಯವರ್ತಿಗಳ ಕೈಗೆ ಕೊಟ್ಟು ಮೋಸ ಹೋಗುತ್ತಾರೆ. ಆದ್ದರಿಂದ ಈ ಬಗ್ಗೆ ಕೆಲವು ಮುಖ್ಯ ವಿಷಯಗಳನ್ನು ಇಲ್ಲಿ ತಿಳಿಸಲಾಗಿದೆ.

ಅಪ್ರೆಂಟಿಸ್ ಎಂದರೇನು?

ಕಾರ್ಖಾನೆಯಲ್ಲಿ ನಡೆಯುತ್ತಿರುವ ಯಂತ್ರದ ಮುಂದೆಯೇ ನಿಂತು, ಅನುಭವಸ್ಥರ ಕೈಕೆಳಗೆ ಕೆಲಸ ಕಲಿಯುವುದೇ ಅಪ್ರೆಂಟಿಸ್ ತರಬೇತಿ. ಇದು 1961ರ ಅಪ್ರೆಂಟಿಸ್ ಕಾಯಿದೆಯಂತೆ ನಡೆಯುತ್ತದೆ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಐ.ಟಿ.ಐ. ಆದವರಿಗೆ ಸಾಮಾನ್ಯವಾಗಿ ಅವಧಿ ಒಂದು ವರ್ಷ. ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು.

2019ರಲ್ಲಿ ತಿದ್ದುಪಡಿಯಾದ ನಿಯಮಗಳು ಐ.ಟಿ.ಐ. ಪ್ರಮಾಣಪತ್ರ ಉಳ್ಳವರಿಗೆ ತಿಂಗಳಿಗೆ ಕನಿಷ್ಠ 7,000 ರೂ. ಶಿಷ್ಯವೇತನ ನಿಗದಿಪಡಿಸಿದವು. ಇದು ಆಗಾಗ ಪರಿಷ್ಕರಣೆಯಾಗುವುದರಿಂದ, ಅರ್ಜಿ ಹಾಕುವಾಗ ಪ್ರಕಟಣೆಯಲ್ಲಿರುವ ಮೊತ್ತವನ್ನು ನೋಡಿಕೊಳ್ಳಿ.

ಅರ್ಜಿ ಹಾಕುವ ಕ್ರಮ

1. ಕೇಂದ್ರ ಸರ್ಕಾರದ 'ಅಪ್ರೆಂಟಿಸ್‌ಶಿಪ್ ಇಂಡಿಯಾ' ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ನೋಂದಣಿಗೆ ಶುಲ್ಕವಿಲ್ಲ. ಗೊತ್ತಾಗದಿದ್ದರೆ ಓದಿದ ಐ.ಟಿ.ಐ.ಯಲ್ಲೇ ವಿಚಾರಿಸಿ.

2. ಎಸ್.ಎಸ್.ಎಲ್.ಸಿ. ಮತ್ತು ಐ.ಟಿ.ಐ. ಅಂಕಪಟ್ಟಿ, ಆಧಾರ್, ಭಾವಚಿತ್ರ, ಅಗತ್ಯವಿದ್ದರೆ ಜಾತಿ ಪ್ರಮಾಣಪತ್ರ ಸಿದ್ಧವಿರಲಿ. ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ರೀತಿ ಇರಬೇಕು. ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿ.

3. ಬ್ಯಾಂಕ್ ಖಾತೆ ಅಭ್ಯರ್ಥಿಯ ಹೆಸರಿನಲ್ಲೇ ಇದ್ದು ಆಧಾರ್‌ಗೆ ಜೋಡಣೆಯಾಗಿರಲಿ.

4. ದೊಡ್ಡ ಸಂಸ್ಥೆಗಳು ಪ್ರತ್ಯೇಕ ಪ್ರಕಟಣೆ ಹೊರಡಿಸುತ್ತವೆ. ಉದಾಹರಣೆಗೆ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಯು ಎಸ್.ಎಸ್.ಎಲ್.ಸಿ. ಮತ್ತು ಐ.ಟಿ.ಐ. ಅಂಕಗಳ ಸರಾಸರಿ ನೋಡಿ ಆಯ್ಕೆ ಮಾಡುತ್ತದೆ. ಪರೀಕ್ಷೆ, ಸಂದರ್ಶನ ಇಲ್ಲ. ಅಂದಮೇಲೆ "ಸೀಟು ಕೊಡಿಸುತ್ತೇನೆ" ಎಂದು ಹಣ ಕೇಳುವವನಿಂದ ಆಗುವುದು ಏನೂ ಇಲ್ಲ.

ಒಪ್ಪಂದ ಪತ್ರ ಓದಿ ಸಹಿ ಮಾಡಿ

ತರಬೇತಿಗೆ ಮೊದಲು ಒಪ್ಪಂದವಾಗಿ, ಅದು ನೋಂದಣಿಯಾಗಬೇಕು. 18 ವರ್ಷ ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕಾಗುತ್ತದೆ. ವೃತ್ತಿಯ ಹೆಸರು, ಅವಧಿ, ಶಿಷ್ಯವೇತನ ಈ ಮೂರನ್ನೂ ಓದಿಸಿ ಕೇಳಿ. ಒಪ್ಪಂದವಿಲ್ಲದೆ "ಟ್ರೈನಿಂಗ್" ಎಂದು ದುಡಿಸಿಕೊಳ್ಳುವ ಕಡೆ ಕೊನೆಗೆ ಪ್ರಮಾಣಪತ್ರ ಸಿಗುವುದಿಲ್ಲ. ತರಬೇತಿ ವೇಳೆ ಕೆಲಸದಿಂದಾಗಿ ಪೆಟ್ಟಾದರೆ ಪರಿಹಾರ ನೀಡುವ ಹೊಣೆಯನ್ನು ಕಾಯಿದೆಯು ಮಾಲೀಕರ ಮೇಲೆ ಹೊರಿಸಿದೆ.

ಇದು ನೌಕರಿಯಲ್ಲ

ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಆದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರಕ್ಕೆ ಬೆಲೆ ಇದೆ. ರೈಲ್ವೆಯಲ್ಲೇ ತರಬೇತಿ ಮುಗಿಸಿದವರಿಗೆ ಅಲ್ಲಿನ ಲೆವೆಲ್-1 ನೇರ ನೇಮಕಾತಿಯಲ್ಲಿ ಶೇ. 20 ಹುದ್ದೆಗಳನ್ನು ಇಡಲಾಗುತ್ತದೆ. ಅದಕ್ಕೂ ಪರೀಕ್ಷೆ ಬರೆಯಬೇಕು. ನಮ್ಮ ಡೇರಿಗಳನ್ನೇ ನೋಡಿ: ಹಾಲು ತಂಪು ಮಾಡುವ ಶೈತ್ಯೀಕರಣ ಘಟಕ, ಪಾಶ್ಚರೀಕರಣಕ್ಕೆ ಹಬೆ ಕೊಡುವ ಬಾಯ್ಲರ್, ಪಂಪು, ಮೋಟಾರು, ಎಲ್ಲಕ್ಕೂ ನುರಿತ ಕೈ ಬೇಕು. ಬಲ್ಕ್ ಮಿಲ್ಕ್ ಕೂಲರ್ ಕೆಟ್ಟು, ರಿಪೇರಿಯವರು ಬರುವಷ್ಟರಲ್ಲಿ ಹಾಲು ಒಡೆದರೆ ನಷ್ಟವೆಷ್ಟೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ.

ಮನೆಯ ಲೆಕ್ಕ

ಅನೇಕ ಕಡೆ ಹಾಸ್ಟೆಲ್ ಇರುವುದಿಲ್ಲ. ರೂಮಿನ ಬಾಡಿಗೆ, ಊಟ, ಬಸ್ ಖರ್ಚು ಕಳೆದರೆ ಮನೆಗೆ ಹಣ ಬರುವುದು ಕಷ್ಟ. ಮೊದಲ ತಿಂಗಳುಗಳಲ್ಲಿ ನೀವೇ ಕಳಿಸಬೇಕಾಗಬಹುದು. ಜೊತೆಗೆ ಹಾಲು ಕರೆಯುವ, ಮೇವು ತರುವ ಒಂದು ಕೈ ಕಡಿಮೆಯಾಗುತ್ತದೆ. ಇದಕ್ಕೆ ಹೆದರಿ ಮಕ್ಕಳನ್ನು ತಡೆಯುವುದು ಬೇಡ. ಬೇಕಾದರೆ ಆ ಒಂದು ವರ್ಷ ಒಂದು ರಾಸು ಕಡಿಮೆ ಇಟ್ಟುಕೊಳ್ಳಿ. ಇರುವವುಗಳಿಗೆ ಚೆನ್ನಾಗಿ ಮೇವು ಹಾಕಿ. ರಾಸನ್ನು ಮತ್ತೆ ಕೊಳ್ಳಬಹುದು, ಹುಡುಗನ ಕಲಿಯುವ ವಯಸ್ಸು ಮತ್ತೆ ಬಾರದು.