ಬಿಡುವಿನ ವೇಳೆಯ ಖರ್ಚು: ಲ್ಯಾಪ್‌ಟಾಪಿನ ಪ್ರೊಸೆಸರಿಗೂ ವಿಶ್ರಾಂತಿ ಬೇಕು

ಇಂದು ಲ್ಯಾಪ್‌ಟಾಪ್ ಇಲ್ಲದೆ ಲೆಕ್ಕಪತ್ರ ಇಡುವ ವ್ಯಾಪಾರಸ್ಥರು ವಿರಳ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗಲೂ ಕೈಬರಹದ ಖಾತೆ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದ ನಮ್ಮ ಅನೇಕ ಅಂಗಡಿಗಳು, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಬಳಿಕ ಅನಿವಾರ್ಯವಾಗಿ ಗಣಕಯಂತ್ರದತ್ತ ಹೊರಳಿದವು. ಆದರೆ ಯಂತ್ರವನ್ನು ಕೊಳ್ಳುವಾಗ ತೋರುವ ಆಸ್ಥೆಯನ್ನು ನಾವು ಅದರ ನಿರ್ವಹಣೆಯಲ್ಲಿ ತೋರುವುದಿಲ್ಲ. ಈ ಅಲಕ್ಷ್ಯಕ್ಕೆ ಈ ಲೇಖಕನೂ ಹೊರತಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ದೇವದುರ್ಗದ ಒಂದು ಸಂಜೆ

2019ರ ಮೇ 20. ಏಪ್ರಿಲ್ ತಿಂಗಳ ಜಿಎಸ್‌ಟಿಆರ್-3ಬಿ ವಿವರಪಟ್ಟಿ ಸಲ್ಲಿಸಲು ಅಂದೇ ಕಡೆಯ ದಿನ. ದೇವದುರ್ಗದಲ್ಲಿ ಪಂಪುಸೆಟ್ಟು ಹಾಗೂ ಪೈಪುಗಳ ವ್ಯಾಪಾರ ನಡೆಸುವ ನನ್ನ ಕಕ್ಷಿದಾರರ ಅಂಗಡಿಯಲ್ಲಿ ಕುಳಿತು ಖರೀದಿ ಬಿಲ್ಲುಗಳನ್ನು ತಾಳೆ ನೋಡುತ್ತಿದ್ದೆ. ಮಧ್ಯಾಹ್ನ ಬೀಸಿದ ಬಿರುಗಾಳಿಗೆ ವಿದ್ಯುತ್ ನಿಂತುಹೋಯಿತು. ಕೆಲ ಹೊತ್ತಿನಲ್ಲಿ ಅಂಗಡಿಯ ಇನ್ವರ್ಟರೂ ಕೈಕೊಟ್ಟಿತು. ಹೊಸದಿದ್ದಾಗ ನಾಲ್ಕು ಗಂಟೆ ನಡೆಯುತ್ತಿದ್ದ ನನ್ನ ಲ್ಯಾಪ್‌ಟಾಪ್, ಒಂದೂವರೆ ಗಂಟೆಯೊಳಗೆ ಆರಿತು. ಯಂತ್ರದ ತಳವಂತೂ ರೊಟ್ಟಿ ಹಂಚಿನಂತೆ ಕಾದಿತ್ತು.

ರಾಯಚೂರಿಗೆ ಮರಳಿ, ಯಂತ್ರಕ್ಕೆ ವಿದ್ಯುತ್ ಕೊಟ್ಟು, ವಿವರಪಟ್ಟಿ ಸಿದ್ಧಪಡಿಸುವಷ್ಟರಲ್ಲಿ ರಾತ್ರಿ ಹತ್ತು ಗಂಟೆ. ಸಲ್ಲಿಕೆಗೆ ಬೇಕಾದ ಒಟಿಪಿ ಹೋಗುವುದು ಕಕ್ಷಿದಾರರ ಮೊಬೈಲಿಗೆ. ವಿದ್ಯುತ್ತಿಲ್ಲದ ಊರಿನಲ್ಲಿ ಆ ಮೊಬೈಲೂ ಆರಿಹೋಗಿತ್ತು. ವಿವರಪಟ್ಟಿ ಸಲ್ಲಿಕೆಯಾದದ್ದು ಮರುದಿನ ಬೆಳಿಗ್ಗೆ. ವಿಳಂಬ ಶುಲ್ಕ ಕೇಂದ್ರಕ್ಕೆ 25, ರಾಜ್ಯಕ್ಕೆ 25, ಒಟ್ಟು 50 ರೂಪಾಯಿ. ನಗದಾಗಿ ಕಟ್ಟಬೇಕಿದ್ದ 1,20,000 ರೂಪಾಯಿ ತೆರಿಗೆಯ ಮೇಲೆ ಶೇಕಡ 18ರಂತೆ ಒಂದು ದಿನದ ಬಡ್ಡಿ 59 ರೂಪಾಯಿ. ಒಟ್ಟು 109 ರೂಪಾಯಿಗಳನ್ನು ನಾನೇ ಭರಿಸಿದೆ. ಅಲ್ಲಿಯವರೆಗೆ ಒಂದು ದಿನವೂ ತಪ್ಪದೆ ತೆರಿಗೆ ಸಲ್ಲಿಸಿದ್ದ ಆ ಹಿರಿಯರು, "ಸಾಹೇಬ್ರ, ದಂಡದ್ದೇನಿಲ್ರೀ, ಹೆಸರಿಗೆ ಕಲೆ ಬಿತ್ತಲ್ರೀ" ಎಂದಷ್ಟೇ ಹೇಳಿದರು.

ಬ್ಯಾಟರಿ ಹಳತಾಗಿದೆಯೆಂದು ಭಾವಿಸಿ ಹೊಸದನ್ನು ಹಾಕಿಸಿದೆ. ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಕೊನೆಗೆ ಬಲ್ಲವರೊಬ್ಬರು ಪರೀಕ್ಷಿಸಿ ಕಾರಣ ಕಂಡುಹಿಡಿದರು. ಎರಡು ವರ್ಷದ ಹಿಂದೆ ಯಂತ್ರ ಆಗಾಗ ಸ್ತಬ್ಧವಾಗುತ್ತಿದ್ದಾಗ, ದುರಸ್ತಿ ಮಾಡಿದವರು ಪ್ರೊಸೆಸರಿನ ವಿಶ್ರಾಂತಿ ಸ್ಥಿತಿಗಳನ್ನು ನಿಷ್ಕ್ರಿಯಗೊಳಿಸಿದ್ದರು. ತಾತ್ಕಾಲಿಕವಾಗಿ ಮಾಡಿದ ಈ ಬದಲಾವಣೆ ಹಾಗೆಯೇ ಉಳಿದಿತ್ತು. ಸಸ್ಪೆನ್ಸ್ ಖಾತೆಗೆ ಹಾಕಿದ ಮೊಬಲಗನ್ನು ವರ್ಷಗಟ್ಟಲೆ ತೀರುವಳಿ ಮಾಡದೆ ಬಿಡುವವರನ್ನು ಕಂಡು ಗದರಿಸುವ ನಾನೇ ಅಂಥ ತಪ್ಪು ಮಾಡಿದ್ದೆ.

ವಿಶ್ರಾಂತಿ ಸ್ಥಿತಿ ಎಂದರೇನು?

ನಾವು ಕೀಲಿಮಣೆಯ ಮೇಲೆ ಸೆಕೆಂಡಿಗೆ ಐದು ಅಕ್ಷರ ಒತ್ತುತ್ತೇವೆಂದು ಇಟ್ಟುಕೊಳ್ಳೋಣ. 2 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಗಡಿಯಾರ ಅದೇ ಒಂದು ಸೆಕೆಂಡಿನಲ್ಲಿ 200 ಕೋಟಿ ಬಾರಿ ಮಿಡಿಯುತ್ತದೆ. ಅರ್ಥಾತ್, ನಮ್ಮ ಎರಡು ಅಕ್ಷರಗಳ ನಡುವೆ ಅದಕ್ಕೆ ಕೆಲಸವೇ ಇಲ್ಲದ ಕಾಲವೇ ಹೆಚ್ಚು. ಈ ಬಿಡುವಿನಲ್ಲಿ ಪ್ರೊಸೆಸರ್ ತನ್ನ ಭಾಗಗಳನ್ನು ತಾನೇ ಆರಿಸಿಕೊಳ್ಳುವ ವ್ಯವಸ್ಥೆಗೆ ಸಿ-ಸ್ಟೇಟ್ ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರಿನಲ್ಲಿ ಪ್ರಕಟಿಸಿದ ಎಸಿಪಿಐ ಎಂಬ ನಿಯಮಾವಳಿ ಈ ಸ್ಥಿತಿಗಳಿಗೆ ಒಂದು ಸಮಾನ ಚೌಕಟ್ಟನ್ನು ಒದಗಿಸಿತು.

ಸಿ0 ಎಂದರೆ ಕೆಲಸದ ಸ್ಥಿತಿ. ಸಿ1ರಲ್ಲಿ ಪ್ರೊಸೆಸರ್ ಆದೇಶಗಳನ್ನು ನಡೆಸುವುದನ್ನು ನಿಲ್ಲಿಸಿ ಕಾಯುತ್ತದೆ. ಸಂಖ್ಯೆ ಹೆಚ್ಚಿದಂತೆ ನಿದ್ರೆ ಗಾಢವಾಗುತ್ತದೆ. ಸಿ6 ಮಟ್ಟದಲ್ಲಿ ತನ್ನ ಲೆಕ್ಕವನ್ನೆಲ್ಲ ಒಂದು ಪ್ರತ್ಯೇಕ ಸ್ಮೃತಿಯಲ್ಲಿ ಬರೆದಿಟ್ಟು, ಆ ಭಾಗದ ವಿದ್ಯುತ್ತನ್ನು ಬಹುತೇಕ ಪೂರ್ಣವಾಗಿ ಕಡಿದುಕೊಳ್ಳುತ್ತದೆ. ಮತ್ತೆ ಎಚ್ಚರವಾಗಲು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಕಾಲ ಸಾಕು. ಆದ್ದರಿಂದ ಬಳಸುವವರಿಗೆ ಇದು ತಿಳಿಯುವುದೇ ಇಲ್ಲ. ಮುಚ್ಚಳ ಮುಚ್ಚಿದಾಗ ಯಂತ್ರ ಮಲಗುವುದು ಬೇರೆ, ಇದು ಬೇರೆ. ಇದು ನಾವು ಕೆಲಸ ಮಾಡುತ್ತಿರುವಾಗಲೇ ಕ್ಷಣಕ್ಷಣವೂ ನಡೆಯುವ ಉಳಿತಾಯ.

ಮಾನ್ವಿಯ ಅಕ್ಕಿ ಗಿರಣಿ ಮಾಲೀಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಭತ್ತ ಬೀಳದಿದ್ದಾಗ ಮೋಟಾರು ಖಾಲಿ ಓಡಿದರೂ ಮೀಟರ್ ತಿರುಗುತ್ತದೆ. ಹಾಗೆಂದು ಎರಡು ಚೀಲಗಳ ನಡುವಿನ ಅರೆ ನಿಮಿಷಕ್ಕೆ ಯಾರೂ ಮೋಟಾರು ನಿಲ್ಲಿಸುವುದಿಲ್ಲ. ಮತ್ತೆ ಚಾಲೂ ಮಾಡುವಾಗ ಅದು ಎಳೆಯುವ ವಿದ್ಯುತ್ತು ಹೆಚ್ಚು. ಹಮಾಲರು ಊಟಕ್ಕೆ ಹೋದಾಗ ಮಾತ್ರ ನಿಲ್ಲಿಸುತ್ತಾರೆ. ಪ್ರೊಸೆಸರಿನದೂ ಇದೇ ವಿವೇಕ. ಬಿಡುವು ಎಷ್ಟು ಹೊತ್ತಿನದೆಂದು ವಿಂಡೋಸ್ ಅಥವಾ ಲಿನಕ್ಸ್ ಅಂದಾಜು ಮಾಡಿ, ಅಲ್ಪ ಬಿಡುವಿಗೆ ಸಿ1ನ್ನೂ, ದೀರ್ಘ ಬಿಡುವಿಗೆ ಆಳವಾದ ಸ್ಥಿತಿಯನ್ನೂ ಆರಿಸುತ್ತದೆ. ನಾವು ಅದಕ್ಕೆ ಅಡ್ಡಿಪಡಿಸದಿದ್ದರೆ ಸಾಕು.

ಲಾಭ ಎಲ್ಲಿದೆ?

ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. ಹಗುರ ಕೆಲಸದಲ್ಲಿ ಯಂತ್ರ 16 ವಾಟ್ ಬದಲು 8 ವಾಟ್ ಬಳಸುತ್ತದೆಂದು ಭಾವಿಸಿ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ನಡೆದರೆ ಉಳಿಯುವುದು 24 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 192 ರೂಪಾಯಿ. ಇದಕ್ಕಾಗಿ ಲೇಖನ ಬರೆಯಬೇಕಿರಲಿಲ್ಲ.

ನಿಜವಾದ ಲಾಭ ಬೇರೆಡೆ ಇದೆ. 40 ವಾಟ್-ಗಂಟೆಯ ಬ್ಯಾಟರಿ 16 ವಾಟಿಗೆ ಎರಡೂವರೆ ಗಂಟೆ ಬಂದರೆ, 8 ವಾಟಿಗೆ ಐದು ಗಂಟೆ ಬರುತ್ತದೆ. ಎರಡನೆಯದಾಗಿ, ವ್ಯಯವಾದ ವಿದ್ಯುತ್ತೆಲ್ಲ ಶಾಖವಾಗಿ ಹೊರಬರಲೇಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಈ ಶಾಖ ಬ್ಯಾಟರಿಯ ಆಯುಷ್ಯವನ್ನೇ ತಿನ್ನುತ್ತದೆ. ಫ್ಯಾನು ಬಿಡುವಿಲ್ಲದೆ ತಿರುಗಿ ಅಂಗಡಿಯ ಧೂಳನ್ನೆಲ್ಲ ಒಳಕ್ಕೆಳೆಯುತ್ತದೆ. 1985ರಿಂದ ಶಕ್ತಿನಗರದಲ್ಲಿ ಶಾಖೋತ್ಪನ್ನ ಸ್ಥಾವರವನ್ನು ಕಂಡ ನಮಗೆ, ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಎಷ್ಟು ಕಲ್ಲಿದ್ದಲು ಉರಿಯುತ್ತದೆಂಬುದು ಅಪರಿಚಿತ ಸಂಗತಿಯಲ್ಲ.

ಪರಿಶೀಲಿಸುವ ಬಗೆ

1. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ ಎಂಬ ಎಂಟು ಅಕ್ಷರಗಳನ್ನು ಕೂಡಿಸಿ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಎನರ್ಜಿ ಎಂದು ಬರೆಯಿರಿ. ಯಂತ್ರವನ್ನು ಮುಟ್ಟದೆ 60 ಸೆಕೆಂಡ್ ಬಿಟ್ಟರೆ ವರದಿ ಸಿದ್ಧವಾಗುತ್ತದೆ. ಅದರಲ್ಲಿ ಪ್ರೊಸೆಸರಿನ ಐಡಲ್ ಸ್ಟೇಟ್ ಸಂಖ್ಯೆ ಕೇವಲ 1 ಎಂದಿದ್ದರೆ ಆಳವಾದ ಸ್ಥಿತಿಗಳು ಲಭ್ಯವಿಲ್ಲವೆಂದು ಅರ್ಥ. ಯಾವ ತಂತ್ರಾಂಶ ಪದೇ ಪದೇ ಪ್ರೊಸೆಸರನ್ನು ಎಬ್ಬಿಸುತ್ತಿದೆಯೆಂಬುದೂ ಅದೇ ವರದಿಯಲ್ಲಿ ತಿಳಿಯುತ್ತದೆ. ಲಿನಕ್ಸ್ ಬಳಸುವವರಿಗೆ 2007ರಿಂದ ಪವರ್‌ಟಾಪ್ ಎಂಬ ಉಪಕರಣ ಲಭ್ಯವಿದೆ.

2. ಯಂತ್ರ ಚಾಲೂ ಆಗುವಾಗ ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1 ಒತ್ತಿ ಬಯಾಸ್ ಪ್ರವೇಶಿಸಿ. ಮಾದರಿಗೆ ಅನುಗುಣವಾಗಿ ಸಿ-ಸ್ಟೇಟ್ಸ್ ಕಂಟ್ರೋಲ್, ಎಕ್ಸ್‌ಟೆಂಡೆಡ್ ಐಡಲ್ ಪವರ್ ಸ್ಟೇಟ್ಸ್ ಅಥವಾ ಸಿಪಿಯು ಪವರ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿರುತ್ತದೆ. ಅದನ್ನು ಎನೇಬಲ್ ಮಾಡಿ ಉಳಿಸಿ.

3. ಯಾವ ಕೆಲಸವೂ ಇಲ್ಲದಿದ್ದಾಗ ಟಾಸ್ಕ್ ಮ್ಯಾನೇಜರ್ ಸದಾ ಶೇಕಡ 100 ತೋರಿಸುತ್ತಿದ್ದರೆ, ವೇಗ ಹೆಚ್ಚಿಸುವ ನೆಪದಲ್ಲಿ ಯಾರಾದರೂ ವಿಂಡೋಸಿನಲ್ಲೇ ವಿಶ್ರಾಂತಿಯನ್ನು ತಡೆದಿರುವ ಸಂಭವವಿದೆ. ಪವರ್ ಪ್ಲಾನನ್ನು ಮೂಲ ಸ್ಥಿತಿಗೆ ಮರಳಿಸಿ.

ಎಚ್ಚರಿಕೆಯ ಮಾತು

ಬಯಾಸ್ ಮುಟ್ಟುವ ಮುನ್ನ ಲೆಕ್ಕಪತ್ರದ ಪ್ರತಿಯನ್ನು ಬೇರೆಡೆ ತೆಗೆದಿಡತಕ್ಕದ್ದು. ಬಿಟ್‌ಲಾಕರ್ ಇದ್ದಲ್ಲಿ ಅದರ 48 ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಬದಲಾವಣೆಯ ಬಳಿಕ ಯಂತ್ರ ಅದನ್ನು ಕೇಳಬಹುದು. ಬಯಾಸ್ ನವೀಕರಿಸುವಾಗ ಬ್ಯಾಟರಿ ತುಂಬಿರಲಿ, ಚಾರ್ಜರೂ ಜೋಡಿಸಿರಲಿ. ನಡುವೆ ವಿದ್ಯುತ್ ಹೋದರೆ ಯಂತ್ರವೇ ಹಾಳಾದೀತು.

ವಿಶ್ರಾಂತಿ ಸ್ಥಿತಿಗಳಿಂದ ತೊಂದರೆಯೇ ಇಲ್ಲವೆಂದೂ ಹೇಳಲಾಗದು. ಇಂಟೆಲ್‌ನ ಬೇ ಟ್ರೇಲ್ ಎಂಬ ಅಗ್ಗದ ಪ್ರೊಸೆಸರುಗಳಿದ್ದ ಯಂತ್ರಗಳು ಲಿನಕ್ಸ್ ಬಳಸುವಾಗ ಸ್ತಬ್ಧವಾಗುತ್ತಿದ್ದ ಕಾರಣ, ಸಿ1ಕ್ಕಿಂತ ಆಳಕ್ಕೆ ಇಳಿಯದಂತೆ ಅವನ್ನು ಕಟ್ಟಿಹಾಕಿದವರು ಜಗತ್ತಿನೆಲ್ಲೆಡೆ ಇದ್ದರು. ಅದು ಆ ಕಾಲಕ್ಕೆ ಸರಿಯೇ. ಆದರೆ ಔಷಧವನ್ನು ಎಷ್ಟು ದಿನ ಸೇವಿಸಬೇಕೆಂದು ಕೇಳುವಂತೆ, ಇಂಥ ನಿರ್ಬಂಧ ಎಂದಿನವರೆಗೆ ಎಂಬುದನ್ನೂ ಕೇಳಬೇಕು. ನನ್ನ ಯಂತ್ರದಲ್ಲಿ ಬಯಾಸ್ ನವೀಕರಿಸಿ ವಿಶ್ರಾಂತಿ ಸ್ಥಿತಿಗಳನ್ನು ಮರಳಿ ಕೊಟ್ಟ ಮೇಲೆ ಅದು ಮತ್ತೆ ಸ್ತಬ್ಧವಾಗಲಿಲ್ಲ.

ಅದೇ ಯಂತ್ರವನ್ನು ಆನಂತರ ಹಲವು ಬಾರಿ ದೇವದುರ್ಗಕ್ಕೆ ಒಯ್ದಿದ್ದೇನೆ. ವಿದ್ಯುತ್ ಹೋದ ದಿನವೂ ಕೆಲಸ ಮುಗಿಸಿಯೇ ಎದ್ದಿದ್ದೇನೆ. ನಮ್ಮ ಸದಸ್ಯ ಬಾಂಧವರು ಮುಂದಿನ 20ನೇ ತಾರೀಖಿನೊಳಗೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ತಮ್ಮ ಲ್ಯಾಪ್‌ಟಾಪನ್ನೊಮ್ಮೆ ಪರಿಶೀಲಿಸಲಿ. ದುರಸ್ತಿಗೆ ಕೊಟ್ಟು ತಂದ ಯಂತ್ರವಾದರೆ, ಯಾವ ಸೌಲಭ್ಯವನ್ನು ಆರಿಸಿದ್ದಾರೆಂದು ಕೇಳಿ, ಅದನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಂಡೇ ಹಣ ಕೊಡಲಿ.