ಒಂದೇ ಜಗಲಿಯ ಎರಡು ದನಿ

ನಮ್ಮ ಗುಲ್ವಾಡಿಯ ಹೆಸರು ಹೊತ್ತ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ವಿಧವೆಯ ಓದು, ಮರುಮದುವೆ ಕುರಿತು ಅದರಲ್ಲಿ ಸುಧಾರಕರಿಗೂ ಸಂಪ್ರದಾಯಸ್ಥರಿಗೂ ಜಟಾಪಟಿ. ‘ಎರಡೂ ಪಕ್ಷಕ್ಕೆ ದನಿ ಕೊಟ್ಟ ಕಾದಂಬರಿ’ ಎಂದೇ ನಾನು ಪಾಠ ಮಾಡುತ್ತಿದ್ದೆ. ಒಬ್ಬಳು ಹುಡುಗಿ ಎದ್ದು ಕೇಳಿದಳು: “ಸರ್, ಇದ್ರಗೆ ನಮ್ಮರ್ ಎಲ್ಲಿದ್ರ್?” ಅದೇ ಪ್ರಶ್ನೆ ನುಂಗಿಕೊಂಡು ಎಂ.ಎ. ಮುಗಿಸಿದವನು ನಾನು.

ವಾದಿಸುವ ಇಬ್ಬರೂ ಒಂದೇ ಮೇಲ್ಜಾತಿ ಜಗಲಿಯವರು. ಹಾಗಂತ ಹೊರಗೆ ಯಾರೂ ಇರಲಿಲ್ಲವೇ? ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಅಸ್ಪೃಶ್ಯರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲೇ. 1979ರಲ್ಲೂ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿಗೆ ಜಾಗ ಸಿಗಲಿಲ್ಲ. ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಎದ್ದಿತು.

ಉದಾರವಾದಿ ಎಷ್ಟು, ಸಂಪ್ರದಾಯಸ್ಥ ಎಷ್ಟು ಎಂದು ತಕ್ಕಡಿ ಹಿಡಿಯುವ ಮೊದಲು, ಜಗಲಿ ಹತ್ತಲು ಬಿಟ್ಟದ್ದು ಯಾರನ್ನು ಅಂತ ನೋಡಬೇಕು.