ಧನ, ಮಣ್ಣು ಮತ್ತು ಮನೆವಾರ್ತೆ: ಬೆಂಗಳೂರು ದಂಡು ಪ್ರದೇಶದ ಕ್ರೈಸ್ತ ಬದುಕಿನಲ್ಲಿ ಸಂಪತ್ತು ಹಾಗೂ ಮರಣದ ಪರಿಕಲ್ಪನೆ

ಪೀಠಿಕೆ

ಸಂಪತ್ತನ್ನು ಕುರಿತ ಯಾವುದೇ ಧಾರ್ಮಿಕ ಚಿಂತನೆ ಕೊನೆಗೆ ಮರಣವನ್ನು ಎದುರುಗೊಳ್ಳಲೇಬೇಕು. ಗಳಿಸಿದವನು ಹೋಗುತ್ತಾನೆ, ಗಳಿಸಿದ್ದು ಇಲ್ಲಿಯೇ ಉಳಿಯುತ್ತದೆ ಎಂಬ ಅರಿವು ಎಲ್ಲ ಪರಂಪರೆಗಳಿಗೂ ಸಾಮಾನ್ಯವಾದುದು. ಆದರೆ ಈ ಅರಿವಿನಿಂದ ಹೊರಡುವ ತೀರ್ಮಾನಗಳು ಮಾತ್ರ ಒಂದೇ ಅಲ್ಲ. ಪುರಂದರದಾಸರನ್ನು ಕುರಿತ ಐತಿಹ್ಯದಲ್ಲಿ ಸಂಪತ್ತಿನ ಸಂಪೂರ್ಣ ತ್ಯಾಗವೇ ಭಕ್ತಿಯ ಬಾಗಿಲಾಗುತ್ತದೆ. ವಚನಕಾರರಲ್ಲಿ ಗಳಿಕೆಯು ಕಾಯಕವಾಗಿ ಶುದ್ಧಗೊಂಡು ದಾಸೋಹವಾಗಿ ಸಮುದಾಯಕ್ಕೆ ಮರಳುತ್ತದೆ. ಕನ್ನಡ ಅಧ್ಯಯನಗಳಲ್ಲಿ ಈ ಎರಡು ನೆಲೆಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಕ್ರೈಸ್ತ ನೆಲೆಯ ಚರ್ಚೆ ಅದಕ್ಕೆ ಹೋಲಿಸಿದರೆ ಕಡಿಮೆ. ಮಿಷನರಿಗಳ ನಿಘಂಟು, ವ್ಯಾಕರಣ, ಮುದ್ರಣಗಳ ಕೊಡುಗೆಯನ್ನು ಸ್ಮರಿಸುವ ಬರಹಗಳು ಹೇರಳವಾಗಿದ್ದರೂ, ಕನ್ನಡ ನೆಲದ ಕ್ರೈಸ್ತರು ಹಣವನ್ನೂ ಸಾವನ್ನೂ ಹೇಗೆ ಗ್ರಹಿಸಿದರು ಎಂಬ ಪ್ರಶ್ನೆ ಹಿನ್ನೆಲೆಗೆ ಸರಿದಿದೆ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಬೆಂಗಳೂರಿನ ದಂಡು ಪ್ರದೇಶ ಹಾಗೂ ಅದರ ಪೂರ್ವದ ಬಡಾವಣೆಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ. ಕ್ರೈಸ್ತ ದೃಷ್ಟಿಯಲ್ಲಿ ಮುಖ್ಯವಾಗುವುದು ಎಷ್ಟು ಕೂಡಿಟ್ಟರು, ಎಷ್ಟು ಬಿಟ್ಟುಹೋದರು ಎಂಬುದಲ್ಲ. ಕೈಯಲ್ಲಿರುವುದನ್ನು ಯಾವಾಗ ಬಿಟ್ಟುಕೊಟ್ಟರು ಎಂಬುದು. ದಂಡಿನ ಸಮಾಧಿಕಲ್ಲುಗಳು, ಚರ್ಚಿನ ಕಾಣಿಕೆಗಳು, ಉಯಿಲಿನ ಕಾನೂನು - ಈ ಮೂರೂ ಈ ‘ಯಾವಾಗ’ ಎಂಬ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು ಎಂಬುದು ಲೇಖನದ ಪ್ರತಿಪಾದನೆ.

ಪರಿಭಾಷೆಯ ನೆಲೆ

ಜಾನ್ ಹ್ಯಾಂಡ್ಸ್ ಮತ್ತು ಅವರ ಸಹವರ್ತಿಗಳ ಶ್ರಮದಿಂದ 1831ರಲ್ಲಿ ಬಳ್ಳಾರಿಯಲ್ಲಿ ಇಡೀ ಬೈಬಲಿನ ಕನ್ನಡ ಅನುವಾದ ಪೂರ್ಣಗೊಂಡಿತು. ಈ ಅನುವಾದ ಪರಂಪರೆಯಲ್ಲಿ ರೂಢಿಗೆ ಬಂದ ಎರಡು ಪದಗಳು ಇಲ್ಲಿ ಗಮನಾರ್ಹ. ಸುವಾರ್ತೆಗಳ ಮೂಲದಲ್ಲಿ ಸಂಪತ್ತಿಗೆ ‘ಮಮ್ಮೋನ’ ಎಂಬ ಅರಮೇಯಿಕ್ ಪದ ಬರುತ್ತದೆ. ದೇವರ ಎದುರು ನಿಂತು ಮನುಷ್ಯನ ಸೇವೆಯನ್ನು ಕೇಳುವ ಇನ್ನೊಬ್ಬ ಒಡೆಯನಂತೆ ಅದು ಅಲ್ಲಿ ಚಿತ್ರಿತವಾಗಿದೆ. ಇದು ಕನ್ನಡದಲ್ಲಿ ‘ಧನ’ವಾಯಿತು. ಪರಕೀಯವೆನಿಸುವ ಹೆಸರು ಹೋಗಿ ದಿನಬಳಕೆಯ ಪದ ಬಂದುದರಿಂದ ಒಡೆತನದ ರೂಪಕ ಸ್ವಲ್ಪ ಮಸುಕಾಯಿತಾದರೂ, ಎಚ್ಚರಿಕೆಯ ಮಾತು ಕೇಳುಗನ ಪೆಟ್ಟಿಗೆಗೇ ನೇರವಾಗಿ ತಾಗುವಂತಾಯಿತು.

ಎರಡನೆಯದು ‘ಮನೆವಾರ್ತೆಯವನು’ ಎಂಬ ಪದ. ಒಡೆಯನ ಆಸ್ತಿಯನ್ನು ಅವನ ಪರವಾಗಿ ನೋಡಿಕೊಂಡು, ಕೇಳಿದಾಗ ಲೆಕ್ಕ ಒಪ್ಪಿಸಬೇಕಾದ ಆಳು ಎಂಬುದು ಇದರ ಅರ್ಥ. ಗ್ರೀಕ್ ಮೂಲದ ‘ಓಯ್ಕೊನೊಮೋಸ್’ ಎಂಬ ಪದದಲ್ಲಿ ಮನೆ ಮತ್ತು ನಿರ್ವಹಣೆ ಎಂಬ ಎರಡು ಅರ್ಥಗಳು ಕೂಡಿವೆ. ಕನ್ನಡದ ಪದವೂ ಹಾಗೆಯೇ ಕೂಡಿಕೊಂಡದ್ದು. ‘ವಾರ್ತೆ’ ಎಂಬುದಕ್ಕೆ ಸಂಸ್ಕೃತ ಅರ್ಥಶಾಸ್ತ್ರ ಪರಂಪರೆಯಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯಗಳೆಂಬ ಜೀವನೋಪಾಯದ ಅರ್ಥವಿದೆ ಎಂಬುದನ್ನು ನೆನೆದರೆ ಪದದ ಔಚಿತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮನುಷ್ಯನು ಸಂಪತ್ತಿನ ಒಡೆಯನಲ್ಲ, ಮನೆವಾರ್ತೆಯವನು ಎಂಬುದು ಕ್ರೈಸ್ತ ಅರ್ಥಚಿಂತನೆಯ ತಿರುಳು. ಹಾಗಾದರೆ ಮರಣವೆಂದರೆ ಲೆಕ್ಕ ಕೇಳುವ ಗಳಿಗೆ. ಸಂಪತ್ತನ್ನು ಇಲ್ಲಿ ಮಾಯೆಯೆಂದು ನಿರಾಕರಿಸಿಲ್ಲ, ಸ್ವಂತದ್ದೆಂದು ಒಪ್ಪಿಯೂ ಇಲ್ಲ.

ಮೂರು ಕಥನಗಳು

ಲೂಕನ ಸುವಾರ್ತೆ ಈ ವಿಚಾರವನ್ನು ಕಥನಗಳ ಮೂಲಕ ಮಂಡಿಸುತ್ತದೆ. 12ನೆಯ ಅಧ್ಯಾಯದ ಧನಿಕ ರೈತನ ಸಾಮತಿಯಲ್ಲಿ, ಬೆಳೆ ಹೆಚ್ಚಾಗಿ ಹಳೆಯ ಕಣಜಗಳು ಸಾಲದಾಗುತ್ತವೆ. ಅವನ್ನು ಕೆಡವಿ ದೊಡ್ಡವನ್ನು ಕಟ್ಟಿ, ಇನ್ನು ಬಹುವರ್ಷ ಸುಖವಾಗಿರಬಹುದೆಂದು ಅವನು ಲೆಕ್ಕ ಹಾಕಿದ ರಾತ್ರಿಯೇ ಅವನ ಪ್ರಾಣವನ್ನು ಕೇಳಲಾಗುತ್ತದೆ. ಅವನು ಕಳ್ಳನಲ್ಲ, ವಂಚಕನೂ ಅಲ್ಲ. ಕಾಲವನ್ನೂ ತನ್ನ ಆಸ್ತಿಯೆಂದು ಎಣಿಸಿದ್ದು ಅವನ ತಪ್ಪು.

16ನೆಯ ಅಧ್ಯಾಯದಲ್ಲಿ ಒಬ್ಬ ಐಶ್ವರ್ಯವಂತನೂ ಅವನ ಬಾಗಿಲಲ್ಲಿ ಬಿದ್ದಿದ್ದ ಲಾಜರನೆಂಬ ಹುಣ್ಣುಗಳ ಭಿಕ್ಷುಕನೂ ಬರುತ್ತಾರೆ. ಸಾಮತಿಯು ಬಡವನಿಗೆ ಹೆಸರು ಕೊಟ್ಟು, ಐಶ್ವರ್ಯವಂತನನ್ನು ಹೆಸರಿಲ್ಲದೆ ಬಿಟ್ಟಿರುವುದನ್ನು ಗಮನಿಸಬೇಕು. ಇಬ್ಬರೂ ಸತ್ತ ಬಳಿಕ ಐಶ್ವರ್ಯವಂತನಿಗೆ ಲಾಜರನ ನೆನಪಾಗುತ್ತದೆ. ಆದರೆ ಬದುಕಿದ್ದಾಗ ಒಂದು ಬಾಗಿಲಿನಷ್ಟೇ ಇದ್ದ ಅಂತರ ಈಗ ದಾಟಲಾಗದ ಕಂದರವಾಗಿರುತ್ತದೆ.

19ನೆಯ ಅಧ್ಯಾಯದ ಜಕ್ಕಾಯನ ಪ್ರಸಂಗ ಇವೆರಡಕ್ಕೂ ಉತ್ತರದಂತಿದೆ. ಸುಂಕದವರ ಮುಖ್ಯಸ್ಥನಾಗಿದ್ದ ಅವನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೂ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕು ಪಾಲನ್ನು ಕಳೆದುಕೊಂಡವರಿಗೂ ಕೊಡಲು ಮುಂದಾಗುತ್ತಾನೆ. ಉಳಿದವರಿಗೂ ಜಕ್ಕಾಯನಿಗೂ ಇರುವ ಮುಖ್ಯ ವ್ಯತ್ಯಾಸ ಕಾಲದ್ದು. ಅವನು ಬದುಕಿದ್ದಾಗಲೇ, ತನ್ನ ಮನೆಯಲ್ಲೇ ಲೆಕ್ಕ ಒಪ್ಪಿಸುತ್ತಾನೆ.

ದಂಡಿನ ಕಲ್ಲುಗಳು

ಈ ಬೋಧನೆ ಬೆಂಗಳೂರಿನ ದಂಡಿನಲ್ಲಿ ನೆಲೆಯೂರಿದ್ದು ಒಂದು ವೈರುಧ್ಯದ ನಡುವೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ 1809ರಲ್ಲಿ ಹಲಸೂರಿನ ಪಕ್ಕದ ಬಯಲಿಗೆ ಬಂದು ನೆಲೆಸಿತು. ಸೈನಿಕರ ಜೊತೆಯಲ್ಲಿ ತಮಿಳು ನೆಲದಿಂದ ಗುತ್ತಿಗೆದಾರರು, ಅಡಿಗೆಯವರು, ಕುದುರೆಲಾಯದವರು, ಕಲ್ಲುಕುಟಿಗರು ಬಂದರು. ಮುಂದೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿ, 1947ರ ಜುಲೈನಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿದ ಈ ಪ್ರದೇಶದಲ್ಲಿ ಆರಾಧನೆಯ ಭಾಷೆಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ತಮಿಳು. ಆದುದರಿಂದಲೇ ಇಲ್ಲಿನ ಸಮಾಧಿಕಲ್ಲುಗಳಲ್ಲಿಯೂ ಆ ಭಾಷೆಗಳದೇ ಮೇಲುಗೈ.

ಮಹಾತ್ಮಾ ಗಾಂಧಿ ರಸ್ತೆಯ ಪೂರ್ವದ ತುದಿಯಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನ ಗೋಡೆಗಳಲ್ಲಿ ಸೇನಾಧಿಕಾರಿಗಳ ಸ್ಮಾರಕ ಫಲಕಗಳಿವೆ. ಕನ್ನಡ ಶಾಸನಾಧ್ಯಯನದ ಪರಿಚಯವುಳ್ಳವರಿಗೆ ಇಲ್ಲಿ ಒಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ವೀರಗಲ್ಲು ಯಾರ ಪರವಾಗಿ, ಯಾವ ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ನಿಸಿದಿಗಲ್ಲು ಯಾವ ವ್ರತದಿಂದ ದೇಹವನ್ನು ತೊರೆದರೆಂದು ಹೇಳುತ್ತದೆ. ಇವೆರಡರಲ್ಲೂ ಸಾವಿನ ಬಗೆಯೇ ಮುಖ್ಯ. ದಂಡಿನ ಫಲಕಗಳಲ್ಲಿ ಅದರೊಡನೆ ಹುದ್ದೆ ಮತ್ತು ದಳ ಪ್ರಾಮುಖ್ಯ ಪಡೆಯುತ್ತವೆ. ಮಣ್ಣಿನ ಮುಂದೆ ಎಲ್ಲರೂ ಸಮಾನರೆಂದು ಸಾರುವ ಮತವು, ಆ ಮಣ್ಣಿನ ಮೇಲೆ ನಿಲ್ಲಿಸುವ ಕಲ್ಲಿನಲ್ಲಿ ಸಮಾನತೆಯನ್ನು ತರಲಾಗಲಿಲ್ಲ. ಹೊಸೂರು ರಸ್ತೆಯಲ್ಲಿರುವ ‘ಇಂಡಿಯನ್ ಕ್ರಿಶ್ಚಿಯನ್ ಸಿಮೆಟರಿ’ ಎಂಬ ಹೆಸರಿನಲ್ಲೇ ಸತ್ತವರನ್ನೂ ವಿಂಗಡಿಸಿದ ವಸಾಹತು ಕಾಲದ ಗುರುತಿದೆ. ಸುವಾರ್ತೆಯು ಹೆಸರು ಕೊಟ್ಟದ್ದು ಲಾಜರನಿಗೆ. ದಂಡಿನ ಕಲ್ಲು ಹೆಸರು ಕೊಟ್ಟದ್ದು ಬಹುಮಟ್ಟಿಗೆ ಕಲ್ಲಿಗೆ ಹಣ ಕೊಡಬಲ್ಲವರಿಗೆ. 1898ರ ಪ್ಲೇಗಿನಂತಹ ಮಾರಿಯ ಕಾಲದಲ್ಲಿ ಮಣ್ಣಾದ ಬಡವರಿಗೆ ಉಳಿದದ್ದು ಮಣ್ಣಿನ ದಿಬ್ಬ, ಮರದ ಶಿಲುಬೆ. ಅವೆರಡೂ ಕೆಲವು ಮಳೆಗಾಲಗಳನ್ನು ಮೀರಿ ಬಾಳುವಂಥವಲ್ಲ.

ಕಾಣಿಕೆಯ ಅರ್ಥ

ಕಲ್ಲು ಹೇಳದ ಉತ್ತರವನ್ನು ಆಚರಣೆಗಳಲ್ಲಿ ಹುಡುಕಬೇಕಾಗುತ್ತದೆ. ಶಿವಾಜಿನಗರದ ಸಂತ ಮೇರಿಯವರ ದೇವಾಲಯ 1882ರಲ್ಲಿ ಈಗಿನ ಗಾಥಿಕ್ ರೂಪ ಪಡೆಯಿತು. 1973ರಲ್ಲಿ ಅದಕ್ಕೆ ಬಸಿಲಿಕದ ಪದವಿ ದೊರೆಯಿತು. ಅದಕ್ಕೂ ಮೊದಲು, 19ನೆಯ ಶತಮಾನದ ಆರಂಭದಲ್ಲಿ, ಅಬ್ಬೆ ದ್ಯುಬುವಾ ಅವರ ಕಾಲದ ಹುಲ್ಲುಹೊದಿಕೆಯ ಗುಡಿಗೆ ‘ಕಾಣಿಕ್ಕೈ ಮಾದಾ’ ಎಂಬ ಹೆಸರಿತ್ತೆಂದು ಪರಂಪರೆ ಹೇಳುತ್ತದೆ. ‘ಕಾಣಿಕೆ ಮಾತೆ’ ಎಂಬ ಈ ಹೆಸರಿನಲ್ಲಿ ಕಾಣಿಕೆಯೆಂದರೆ ನಾಣ್ಯವಲ್ಲ, ದೇವರಿಗೆ ತನ್ನನ್ನೇ ಒಪ್ಪಿಸಿಕೊಳ್ಳುವುದು. ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಮತಭೇದವಿಲ್ಲದೆ ಬರುವ ಜನ ತರುವ ಮೇಣದ ಬತ್ತಿ, ಹೂವು, ಹರಕೆಗಳಲ್ಲಿ ಕಾಣಿಕೆಯ ಈ ಎರಡೂ ಅರ್ಥಗಳು ಬೆರೆತಿವೆ.

ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದಂದು ಧರ್ಮಗುರುಗಳು ಪ್ರತಿಯೊಬ್ಬರ ಹಣೆಗೂ ಬೂದಿಯನ್ನು ಹಚ್ಚಿ, ಅವರು ಮಣ್ಣಿನಿಂದ ಬಂದವರೆಂದು ನೆನಪಿಸುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಈ ಬೂದಿಯನ್ನು ಮಾಡುವುದು ರೂಢಿ. ಜಯಘೋಷಕ್ಕೆ ಹಿಡಿದದ್ದೇ ಮರುವರ್ಷ ಮರಣದ ಗುರುತಾಗುತ್ತದೆ. ಆ ದಿನ ಆರಂಭವಾಗುವ ನಲವತ್ತು ದಿನಗಳ ವ್ರತದಲ್ಲಿ ಪ್ರಾರ್ಥನೆ, ಉಪವಾಸಗಳೊಡನೆ ದಾನವೂ ಕಡ್ಡಾಯದ ಅಂಗ. ಹಾಗಾಗಿ ಇಲ್ಲಿ ಮರಣಸ್ಮರಣೆಯು ವೈರಾಗ್ಯಕ್ಕಿಂತ ಹೆಚ್ಚಾಗಿ ದಾನದತ್ತ ಮುಖಮಾಡಿದೆ.

ದಾನಕ್ಕೂ ಸಾವಿಗೂ ಇರುವ ಈ ನಂಟು ದುರುಪಯೋಗಕ್ಕೂ ಎಡೆಕೊಟ್ಟದ್ದುಂಟು. ಪಾಪದ ದಂಡನೆಯಿಂದ ಬಿಡುಗಡೆ ನೀಡುವ ಪತ್ರಗಳನ್ನು ಹಣಕ್ಕೆ ಕೊಡುತ್ತಿದ್ದ ಪದ್ಧತಿಯ ವಿರುದ್ಧವೇ 1517ರಲ್ಲಿ ಮಾರ್ಟಿನ್ ಲೂಥರ್ ದನಿಯೆತ್ತಿದ್ದು. ಕಥೋಲಿಕ ಸಭೆಯೂ ಅದೇ ಶತಮಾನದಲ್ಲಿ ಆ ವಿಕ್ರಯವನ್ನು ರದ್ದುಪಡಿಸಿತು. ಸತ್ತವರಿಗಾಗಿ ಬಲಿಪೂಜೆ ಅರ್ಪಿಸುವ ಕಥೋಲಿಕರಿಗೂ, ಅದನ್ನು ಒಪ್ಪದ ಪ್ರೊಟೆಸ್ಟೆಂಟರಿಗೂ ಈ ವಿಷಯದಲ್ಲಿ ಭೇದ ಇಂದಿಗೂ ಇದೆ. ಆದರೆ ಮರಣದ ಆಚೆಗಿನದನ್ನು ಹಣದಿಂದ ಕೊಳ್ಳಲಾಗದು ಎಂಬಲ್ಲಿ ಎರಡೂ ಪಂಗಡಗಳು ಒಂದಾಗುತ್ತವೆ. ಫ್ರೆಡರಿಕ್ ಓಝಾನಾಂ ಮತ್ತು ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದ ಪೌಲ್ ಸಂಘದ ಶಾಖೆಗಳು ಬೆಂಗಳೂರಿನ ಧರ್ಮಕೇಂದ್ರಗಳಲ್ಲೂ ಕೆಲಸ ಮಾಡುತ್ತಿವೆ. ಸದಸ್ಯರ ಸಭೆಯಲ್ಲಿ ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಚೀಲವನ್ನು ಸುತ್ತಿಸುವ ಅದರ ಕ್ರಮವು ಫಲಕದ ಸಂಸ್ಕೃತಿಗೆ ನೇರ ಎದುರಾದುದು.

ಉಯಿಲು ಮತ್ತು ಕಾನೂನು

ಕೊಡುವ ಕಾಲದ ಪ್ರಶ್ನೆ ಧರ್ಮಪೀಠದಿಂದ ನ್ಯಾಯಪೀಠಕ್ಕೂ ಬಂದಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 118ನೆಯ ಕಲಮಿನ ಪ್ರಕಾರ, ಅಣ್ಣತಮ್ಮಂದಿರ ಇಲ್ಲವೆ ಅಕ್ಕತಂಗಿಯರ ಮಕ್ಕಳು ಅಥವಾ ಅವರಿಗಿಂತ ಹತ್ತಿರದ ಸಂಬಂಧಿಗಳಿರುವ ಕ್ರೈಸ್ತನು ಧಾರ್ಮಿಕ ಅಥವಾ ದತ್ತಿ ಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಸಾವಿಗೆ ಕನಿಷ್ಠ 12 ತಿಂಗಳು ಮೊದಲೇ ಉಯಿಲು ಮಾಡಿರಬೇಕಿತ್ತು. ಅದನ್ನು ಬರೆದ 6 ತಿಂಗಳೊಳಗೆ ಕಾನೂನು ಗೊತ್ತುಪಡಿಸಿದ ಕಡೆ ಠೇವಣಿಯನ್ನೂ ಇಡಬೇಕಿತ್ತು. 1865ರ ಕಾಯಿದೆಯಲ್ಲಿಯೇ ಇದ್ದ ಈ ನಿರ್ಬಂಧದ ಬೇರು ಇಂಗ್ಲೆಂಡಿನ 1736ರ ‘ಮಾರ್ಟ್‌ಮೇನ್’ ಶಾಸನದಲ್ಲಿದೆ. ಈ ಪದದ ಅರ್ಥ ‘ಸತ್ತ ಕೈ’ ಎಂದು. ಸಾಯುವವನ ಭಯವನ್ನು ಬಳಸಿಕೊಂಡು ಧಾರ್ಮಿಕರು ಕುಟುಂಬದ ಆಸ್ತಿಯನ್ನು ಬರೆಸಿಕೊಂಡಾರೆಂಬುದು ಶಾಸನಕರ್ತರ ಆತಂಕ.

ಆದರೆ ತಾನು ಯಾವ ದಿನ ಸಾಯುವೆನೆಂಬುದು ಯಾರಿಗೂ ತಿಳಿಯದು. ಆರೋಗ್ಯವಾಗಿದ್ದು ಯೋಚಿಸಿ ಉಯಿಲು ಬರೆದವನೂ 11ನೆಯ ತಿಂಗಳಲ್ಲಿ ಅಪಘಾತಕ್ಕೆ ಸಿಕ್ಕಿದರೆ ಅವನ ದತ್ತಿ ಅಸಿಂಧುವಾಗುತ್ತಿತ್ತು. ಹಿಂದೂಗಳಿಗೂ ಮುಸ್ಲಿಮರಿಗೂ ಈ ಕಲಮು ಅನ್ವಯಿಸುತ್ತಿರಲಿಲ್ಲ. ಕೇರಳದ ಧರ್ಮಗುರುವೊಬ್ಬರು ಹೂಡಿದ ಜಾನ್ ವಳ್ಳಮಟ್ಟಂ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರ ಜುಲೈನಲ್ಲಿ ಈ ಕಲಮನ್ನು ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದು ರದ್ದುಗೊಳಿಸಿತು. ದಂಡಿನ ಕ್ರೈಸ್ತ ಕುಟುಂಬಗಳಿಗೂ ತಮ್ಮ ಆಸ್ತಿಯನ್ನು ಶಾಲೆಗೋ ವೃದ್ಧಾಶ್ರಮಕ್ಕೋ ಬರೆಯುವ ಸಮಾನ ಸ್ವಾತಂತ್ರ್ಯ ಹೀಗೆ ದೊರೆಯಿತು.

ಹಕ್ಕಿನ ದೃಷ್ಟಿಯಿಂದ ತೀರ್ಪು ನ್ಯಾಯವಾದುದೇ. ಆದರೆ ಬೋಧನೆಯ ದೃಷ್ಟಿಯಿಂದ ಬೇರೊಂದು ಮಾತು ಉಳಿಯುತ್ತದೆ. ಮರಣಶಯ್ಯೆಯ ದಾನವನ್ನು ಕಾನೂನು ಅನುಮಾನಿಸಿದ್ದು ವಾರಸುದಾರರ ಹಿತಕ್ಕಾಗಿ. ಸುವಾರ್ತೆ ಅನುಮಾನಿಸುವುದು ದಾನಿಯ ಹಿತಕ್ಕಾಗಿ. ಉಯಿಲಿನಲ್ಲಿ ಕೊಡುವವನು ತಾನು ಇನ್ನು ಹಿಡಿದಿಡಲಾರದ್ದನ್ನು ಕೊಡುತ್ತಾನೆ. ಆ ಕೊಡುಗೆ ಪಡೆದವರಿಗೆ ಉಪಕಾರವಾದೀತು, ಆದರೆ ಜಕ್ಕಾಯನ ಕೊಡುಗೆಗೆ ಅದು ಸಮನಲ್ಲ.

ಮಣ್ಣಿನ ಕೊರತೆ

ಪ್ಲೇಗಿನ ನಂತರ ಫ್ರೇಜರ್ ಟೌನ್‌ನಂತಹ ಬಡಾವಣೆಗಳು ಬೆಳೆದು, ಮುಂದೆ ನಗರ ಇಂದಿರಾನಗರ, ಕೃಷ್ಣರಾಜಪುರಗಳವರೆಗೆ ಹಬ್ಬಿತು. ಜೀವಂತರಿಗೆ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುವ ನೆಲದಲ್ಲಿ ಸತ್ತವರಿಗೂ ಜಾಗ ಸಾಲದಾಗಿದೆ. ಕಲ್ಪಳ್ಳಿ, ಹೊಸೂರು ರಸ್ತೆಗಳಂತಹ ಹಳೆಯ ಸ್ಮಶಾನಗಳು ತುಂಬಿ, ಕುಟುಂಬದ ಹಳೆಯ ಸಮಾಧಿಯನ್ನೇ ಮತ್ತೆ ತೆರೆದು ಹೂಳುವ ಪರಿಪಾಠ ನಗರದಲ್ಲಿ ಬೆಳೆದಿದೆ. ಕಥೋಲಿಕ ಸಭೆ 1963ರಲ್ಲಿ ದಹನಕ್ಕೆ ಅನುಮತಿ ನೀಡಿತು. ಚಿತಾಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿಯೇ ಇಡಬೇಕೆಂದು 2016ರಲ್ಲಿ ಸ್ಪಷ್ಟಪಡಿಸಿತು. ಆದರೂ ಮಣ್ಣು ಮಾಡುವುದರ ಬಗೆಗಿನ ಒಲವು ಇಲ್ಲಿನವರಲ್ಲಿ ಗಟ್ಟಿಯಾಗಿಯೇ ಇದೆ. ಶಾಶ್ವತವೆಂದು ಹಣ ತೆತ್ತು ನಿಲ್ಲಿಸಿದ ಕಲ್ಲಿನ ಕೆಳಗೂ ಈಗ ಮಗನಿಗೆ ಜಾಗ ಬೇಕಾದಾಗ ತಂದೆಯ ಎಲುಬುಗಳು ಪಕ್ಕಕ್ಕೆ ಸರಿಯಬೇಕಾಗುತ್ತದೆ. ಬೂದಿ ಬುಧವಾರದಂದು ಕೇಳಿದ ಮಾತನ್ನು ನಗರದ ಭೂಮಿಯ ಬೆಲೆಯೇ ಇನ್ನೊಮ್ಮೆ ಹೇಳಿದಂತಾಗಿದೆ.

ಉಪಸಂಹಾರ

ಒಟ್ಟಾರೆಯಾಗಿ, ದಂಡು ಪ್ರದೇಶದ ಕ್ರೈಸ್ತ ಬದುಕು ಸಂಪತ್ತು ಮತ್ತು ಮರಣವನ್ನು ಕುರಿತು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕಲ್ಲು ಸಾವಿನ ನಂತರವೂ ಒಡೆತನವನ್ನು ಮುಂದುವರಿಸಲು ಬಯಸುತ್ತದೆ. ಉಯಿಲು ಸಾವಿನ ಗಳಿಗೆಯಲ್ಲಿ ಒಡೆತನವನ್ನು ಬಿಟ್ಟುಕೊಡುತ್ತದೆ. ಹೆಸರಿಲ್ಲದ ಕಾಣಿಕೆ ಬದುಕಿದ್ದಾಗಲೇ ಅದನ್ನು ತೊರೆಯುತ್ತದೆ. ಸುವಾರ್ತೆಯ ಮನೆವಾರ್ತೆಯವನಿಗೆ ಹತ್ತಿರವಾದುದು ಈ ಕೊನೆಯದು. ದಾಸೋಹದ ಕಲ್ಪನೆಗೆ ನೆರೆಯಾಗಿ ನಿಲ್ಲಬಲ್ಲುದೂ ಇದೇ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ತಿಳಿದು ಕೊಡುತ್ತಾನೆ. ಮನೆವಾರ್ತೆಯವನು ಕೊಡುವುದು ಒಡೆಯನ ಸೊತ್ತೆಂದು ತಿಳಿದು ಕೊಡುತ್ತಾನೆ. ದಾರಿಗಳು ಬೇರೆಯಾದರೂ ‘ನನ್ನದು’ ಎಂಬ ಮಾತು ಎರಡರಲ್ಲೂ ಕರಗುತ್ತದೆ. ಪ್ರತಿವರ್ಷ ನವೆಂಬರ್ 2ರ ಸತ್ತವರ ಸ್ಮರಣೆಯ ದಿನ ಕಲ್ಪಳ್ಳಿಯಲ್ಲಿ ಅಮೃತಶಿಲೆಯ ಸಮಾಧಿಯ ಮೇಲೂ ಬರಿಯ ಮಣ್ಣಿನ ದಿಬ್ಬದ ಮೇಲೂ ಉರಿಯುವುದು ಅದೇ ಮೇಣದ ಬತ್ತಿ. ಕನ್ನಡದ ಮರಣಸಂಬಂಧಿ ಶಾಸನ ಹಾಗೂ ಸಾಹಿತ್ಯದ ಅಧ್ಯಯನವು ವೀರಗಲ್ಲು, ನಿಸಿದಿಗಲ್ಲುಗಳ ಜೊತೆಗೆ ಈ ಸ್ಮಶಾನಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಳ್ಳುವುದು ಅಗತ್ಯ. ಹಳೆಯ ಸಮಾಧಿಗಳು ಮತ್ತೆ ಮತ್ತೆ ತೆರೆಯಲ್ಪಡುತ್ತಿರುವಾಗ ಈ ಕೆಲಸಕ್ಕೆ ಉಳಿದಿರುವ ಕಾಲವೂ ಹೆಚ್ಚೇನಿಲ್ಲ.